ಲಿಂಕನ್‌ನಲ್ಲಿ ಒಂದು ಶನಿವಾರ: ಗುಡ್ಡದ ಮೇಲಿನ ಕ್ಯಾಥೆಡ್ರಲ್, ತಗ್ಗಿನ ಫುಟ್‌ಬಾಲ್ ಮೈದಾನ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ನೋಡಬೇಕೆಂದು ಬಯಸುವ ನಮ್ಮವರಲ್ಲಿ ಹೆಚ್ಚಿನವರು ಲಂಡನ್, ಮ್ಯಾಂಚೆಸ್ಟರ್, ಲಿವರ್‌ಪೂಲ್ ಬಿಟ್ಟು ಬೇರೆ ಊರಿನ ಕಡೆ ನೋಡುವುದಿಲ್ಲ. ನಾನು ಆರಿಸಿಕೊಂಡದ್ದು ಲಿಂಕನ್ ಎಂಬ, ಸುಮಾರು ಒಂದು ಲಕ್ಷ ಜನರಿರುವ ಸಣ್ಣ ನಗರವನ್ನು. ಇಲ್ಲಿ ರೈಲು ನಿಲ್ದಾಣ, ಕೋಟೆ, ಕ್ಯಾಥೆಡ್ರಲ್ ಮತ್ತು ಲಿಂಕನ್ ಸಿಟಿ ತಂಡದ ಸಿನ್ಸಿಲ್ ಬ್ಯಾಂಕ್ ಮೈದಾನ ಎಲ್ಲವೂ ಕಾಲ್ನಡಿಗೆಯಲ್ಲೇ ಸಿಗುತ್ತವೆ. ಊರನ್ನು ನೋಡದೆ ಪಂದ್ಯವನ್ನಷ್ಟೇ ನೋಡಿ ಹಿಂತಿರುಗಿದರೆ ಈ ತಂಡ ಅರ್ಧ ಮಾತ್ರ ಅರ್ಥವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶನಿವಾರದ ಲೀಗ್ ಪಂದ್ಯಗಳು ಸಾಂಪ್ರದಾಯಿಕವಾಗಿ ಮಧ್ಯಾಹ್ನ 3 ಗಂಟೆಗೆ ಆರಂಭವಾಗುತ್ತವೆ. ಹಾಗಾಗಿ ಬೆಳಗಿನ ಹೊತ್ತು ಪೂರ್ತಿ ನಮ್ಮದು. ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ನೇರ ರೈಲಿನಲ್ಲಿ ಹೊರಟರೆ ಸುಮಾರು ಎರಡು ಗಂಟೆಯ ಪ್ರಯಾಣ. ನೇರ ರೈಲು ಸಿಗದಿದ್ದರೆ ನ್ಯೂಆರ್ಕ್‌ನಲ್ಲಿ ಇಳಿದು ಬದಲಾಯಿಸಬೇಕು. ನಿಲ್ದಾಣದ ಉತ್ತರಕ್ಕೆ ಗುಡ್ಡ, ದಕ್ಷಿಣಕ್ಕೆ ಮೈದಾನ ಇರುವುದರಿಂದ, ಕಾಲಿನಲ್ಲಿ ಶಕ್ತಿ ಇರುವಾಗಲೇ ಮೊದಲು ಗುಡ್ಡ ಹತ್ತಿ, ಊಟದ ಹೊತ್ತಿಗೆ ಇಳಿದು ಬರುವ ಕ್ರಮವನ್ನು ಇಟ್ಟುಕೊಂಡೆ.

ಹೈ ಸ್ಟ್ರೀಟ್‌ನಲ್ಲಿ ಉತ್ತರಕ್ಕೆ ನಡೆದರೆ ವಿದಮ್ ನದಿಯ ಮೇಲಿನ ಹೈ ಬ್ರಿಡ್ಜ್ ಸಿಗುತ್ತದೆ. 12ನೆಯ ಶತಮಾನದ ಈ ಸೇತುವೆಯ ಮೇಲೆ ಮರದ ಚೌಕಟ್ಟಿನ ಹಳೆಯ ಕಟ್ಟಡಗಳು ಇಂದಿಗೂ ನಿಂತಿದ್ದು, ದಾಟುವಾಗ ಸೇತುವೆಯ ಮೇಲಿದ್ದೇವೆ ಎಂಬುದು ತಿಳಿಯುವುದೇ ಇಲ್ಲ. ಬದಿಯ ಮೆಟ್ಟಿಲಿಳಿದು ನೀರಿನ ಮಟ್ಟದಿಂದ ನೋಡಿದಾಗಲೇ ಕಮಾನು ಕಾಣುತ್ತದೆ. ಅಲ್ಲಿಂದ ಮುಂದೆ ಸ್ಟೀಪ್ ಹಿಲ್ ಎಂಬ ಕಲ್ಲುಹಾಸಿನ ಕಡಿದಾದ ದಾರಿ. ಮಳೆ ಬಂದಿದ್ದರೆ ಕಲ್ಲು ಜಾರುತ್ತದೆ. ಪಕ್ಕದಲ್ಲಿ ಹಿಡಿಕಂಬಿ ಇರುವ ಕಡೆ ಅದನ್ನು ಹಿಡಿದೇ ಹತ್ತುವುದು ಒಳ್ಳೆಯದು.

ಗುಡ್ಡದ ಮೇಲಿನ ಕ್ಯಾಥೆಡ್ರಲ್‌ನ ಕೆಲಸ 1072ರಲ್ಲಿ ಆರಂಭವಾಯಿತು. 1185ರ ಭೂಕಂಪದಲ್ಲಿ ಬಹುಭಾಗ ಹಾಳಾದ ಮೇಲೆ, ಬಿಷಪ್ ಹ್ಯೂ ಅವರ ಕಾಲದಲ್ಲಿ ಅದನ್ನು ಮತ್ತೆ ಕಟ್ಟಲು ತೊಡಗಿದರು. ನಡುಗೋಪುರದ ಮೇಲಿದ್ದ ಮೊನಚು ಶಿಖರ 1548ರಲ್ಲಿ ಬೀಳುವವರೆಗೂ ಜಗತ್ತಿನ ಅತಿ ಎತ್ತರದ ಕಟ್ಟಡಗಳ ಸಾಲಿನಲ್ಲಿ ಇದರ ಹೆಸರಿತ್ತು. ಆದರೆ ಫುಟ್‌ಬಾಲ್ ಪ್ರೇಮಿ ಇಲ್ಲಿ ಹುಡುಕಬೇಕಾದದ್ದು ಒಂದು ಸಣ್ಣ ಕಲ್ಲಿನ ಕೆತ್ತನೆಯನ್ನು. ಪೂರ್ವ ತುದಿಯ ಏಂಜೆಲ್ ಕ್ವಾಯರ್ ಎಂಬ ಭಾಗದಲ್ಲಿ, ಎರಡು ಕಮಾನುಗಳು ಕೂಡುವ ಎಡೆಯಲ್ಲಿ, ಕತ್ತೆತ್ತಿ ನೋಡಿದರೆ ಮಾತ್ರ ಕಾಣುವಷ್ಟು ಎತ್ತರದಲ್ಲಿ, ಒಂದು ಕಾಲನ್ನು ಇನ್ನೊಂದರ ಮೊಣಕಾಲಿನ ಮೇಲೆ ಎಳೆದುಕೊಂಡು, ಅಗಲ ಕಿವಿ ನಿಮಿರಿಸಿ, ಹಲ್ಲು ಕಿರಿಯುತ್ತ ಕುಳಿತಿದೆ ಲಿಂಕನ್‌ನ ಇಂಪ್. ಸೈತಾನ ಕಳುಹಿಸಿದ ಈ ಮರಿಪಿಶಾಚಿ ಕ್ಯಾಥೆಡ್ರಲ್‌ನೊಳಗೆ ದಾಂಧಲೆ ಮಾಡುತ್ತಿದ್ದಾಗ ದೇವದೂತನೊಬ್ಬ ಅದನ್ನು ಕಲ್ಲಾಗಿಸಿದನೆಂಬುದು ಊರಿನ ಐತಿಹ್ಯ. ಲಿಂಕನ್ ಸಿಟಿ ತಂಡದ ಅಡ್ಡಹೆಸರೂ ಲಾಂಛನವೂ ಇದೇ ಇಂಪ್. ಬೆಳಿಗ್ಗೆ ಕಲ್ಲಿನಲ್ಲಿ ಕಂಡದ್ದನ್ನೇ ಮಧ್ಯಾಹ್ನ ಸಾವಿರಾರು ಜನರ ಎದೆಯ ಮೇಲೆ ಕಾಣುವಾಗ ಆಗುವ ಸಂತೋಷಕ್ಕಾಗಿಯೇ ಈ ಕ್ರಮವನ್ನು ಎಲ್ಲರಿಗೂ ಹೇಳುತ್ತೇನೆ.

ಎದುರಿಗಿರುವ ಕೋಟೆಯನ್ನು ವಿಲಿಯಂ ದೊರೆ 1068ರಲ್ಲಿ ಕಟ್ಟಿಸಿದ. ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಲಿಂಕನ್‌ನ ಪ್ರತಿಗೆ ಇಲ್ಲೇ ನೆಲೆ. ಸಮಯ ಕಡಿಮೆಯಿದ್ದರೆ ಕೋಟೆಯೊಳಗಿನ ಹಳೆಯ ಸೆರೆಮನೆಯ ಪ್ರಾರ್ಥನಾಮಂದಿರವನ್ನಾದರೂ ನೋಡಬೇಕು: ಕೈದಿಗಳು ಪಾದ್ರಿಯನ್ನಷ್ಟೇ ನೋಡಬಹುದಾದಂತೆ, ಪಕ್ಕದವನ ಮುಖ ಕಾಣದಂತೆ, ಪ್ರತಿಯೊಬ್ಬನಿಗೂ ಮರದ ಗೂಡು ಮಾಡಿದ್ದಾರೆ.

ಮೈದಾನಕ್ಕೆ ನಿಲ್ದಾಣದಿಂದ ದಕ್ಷಿಣಕ್ಕೆ ಸುಮಾರು ಕಾಲು ಗಂಟೆಯ ನಡಿಗೆ. ಸಿನ್ಸಿಲ್ ಡ್ರೇನ್ ಎಂಬ ಕಾಲುವೆಯ ಬದಿಯಲ್ಲಿ, ಇಟ್ಟಿಗೆ ಮನೆಗಳ ಸಾಲುಗಳ ನಡುವೆ, 1895ರಿಂದ ತಂಡ ಇಲ್ಲೇ ಆಡುತ್ತಿದೆ. ಸುಮಾರು ಹತ್ತು ಸಾವಿರ ಜನ ಹಿಡಿಸುವ ಮೈದಾನವಾದ್ದರಿಂದ ಎಲ್ಲಿ ಕುಳಿತರೂ ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಕೇಳಿಸುತ್ತದೆ. 2017ರ ಜನವರಿಯಲ್ಲಿ, ಐದನೆಯ ಹಂತದ ಲೀಗಿನಲ್ಲಿದ್ದ ಲಿಂಕನ್, ಬೇರೆ ಬೇರೆ ಹಂತದ ತಂಡಗಳು ಆಡುವ ಎಫ್‌ಎ ಕಪ್ ಎಂಬ ನಾಕೌಟ್ ಪಂದ್ಯಾವಳಿಯಲ್ಲಿ ಇಪ್ಸ್‌ವಿಚ್ ಮತ್ತು ಬ್ರೈಟನ್ ತಂಡಗಳನ್ನು ಸೋಲಿಸಿದ್ದು ಇದೇ ಹುಲ್ಲಿನ ಮೇಲೆ. ಮುಂದಿನ ತಿಂಗಳು ಬರ್ನ್‌ಲಿಯನ್ನು ಅದರ ಮೈದಾನದಲ್ಲೇ ಮಣಿಸಿ ಕ್ವಾರ್ಟರ್ ಫೈನಲ್ ತಲುಪಿತು. ಮೇಲಿನ ನಾಲ್ಕು ಹಂತದ ಮುಖ್ಯ ಲೀಗುಗಳ ಹೊರಗಿನ ತಂಡವೊಂದು ಅಷ್ಟು ದೂರ ಬಂದು ಒಂದು ಶತಮಾನವೇ ಕಳೆದಿತ್ತು.

ಗೋಲಿನ ಹಿಂದಿನ ಸ್ಟೇಸಿ ವೆಸ್ಟ್ ಸ್ಟ್ಯಾಂಡ್ ಬಗ್ಗೆ ತಿಳಿದುಕೊಂಡು ಹೋಗಬೇಕು. 1985ರ ಮೇ 11ರಂದು ಬ್ರಾಡ್‌ಫರ್ಡ್‌ನಲ್ಲಿ ಲಿಂಕನ್ ವಿರುದ್ಧದ ಪಂದ್ಯ ನಡೆಯುತ್ತಿದ್ದಾಗ ಮರದ ಸ್ಟ್ಯಾಂಡ್‌ಗೆ ಬೆಂಕಿ ಹತ್ತಿ 56 ಜನ ತೀರಿಕೊಂಡರು. ಅವರಲ್ಲಿ ಬಿಲ್ ಸ್ಟೇಸಿ ಮತ್ತು ಜಿಮ್ ವೆಸ್ಟ್ ಲಿಂಕನ್ ಅಭಿಮಾನಿಗಳು. ಅವರ ಹೆಸರನ್ನೇ ಸ್ಟ್ಯಾಂಡ್‌ಗೆ ಇಟ್ಟಿದ್ದಾರೆ. ದೂರದ ಊರಿಗೆ ತಂಡದ ಬೆನ್ನಹಿಂದೆ ಹೋಗಿ ಮರಳದ ಇಬ್ಬರು ಸಾಮಾನ್ಯ ಪ್ರೇಕ್ಷಕರಿಗೆ ಈ ಊರು ಕೊಟ್ಟ ಗೌರವ ನನ್ನನ್ನು ಬಹಳವಾಗಿ ತಟ್ಟಿತು. ಪಂದ್ಯ ಆರಂಭವಾಗುವ ಮೊದಲು, ಜನ ತುಂಬುವ ಮುನ್ನವೇ ಹೋಗಿ ಆ ಸ್ಟ್ಯಾಂಡ್ ನೋಡಿ ಬರಲು ಸಮಯ ಇಟ್ಟುಕೊಂಡಿದ್ದೆ.

ಟಿಕೆಟನ್ನು ಕ್ಲಬ್‌ನ ಜಾಲತಾಣದಲ್ಲಿ ಮೊದಲೇ ಕೊಂಡು, ಆತಿಥೇಯ ತಂಡದ ಭಾಗದಲ್ಲಿ ಕುಳಿತುಕೊಳ್ಳುವವರು ಎದುರಾಳಿಗಳ ಬಣ್ಣದ ಅಂಗಿ ಧರಿಸದಿರುವುದು ಕ್ಷೇಮ. ಆಟ ಕಾಣುವ ಜಾಗದಲ್ಲಿ ಮದ್ಯ ಸೇವಿಸುವುದು ಇಂಗ್ಲೆಂಡಿನ ಕಾನೂನಿನಲ್ಲಿ ನಿಷಿದ್ಧ. ಪಂದ್ಯ ಐದು ಗಂಟೆಯ ಸುಮಾರಿಗೆ ಮುಗಿಯುತ್ತದೆ. ಹಿಂತಿರುಗುವಾಗ ಹೈ ಸ್ಟ್ರೀಟ್‌ಗೆ ಅಡ್ಡವಾಗಿರುವ ರೈಲ್ವೆ ಗೇಟು ಬಿದ್ದಿದ್ದರೆ ಕಾಯಬೇಕಿಲ್ಲ, ಪಕ್ಕದ ಮೇಲ್ಸೇತುವೆ ಹತ್ತಿದರೆ ನಿಲ್ದಾಣ ಆಚೆ ಬದಿಯಲ್ಲೇ ಇದೆ. ಆದರೂ ಜನಜಂಗುಳಿ ಇರುತ್ತದೆಯಾದ್ದರಿಂದ ಆರು ಗಂಟೆಯ ನಂತರದ ರೈಲಿಗೆ ಟಿಕೆಟ್ ಕಾಯ್ದಿರಿಸುವುದು ಲೇಸು.