ಒದ್ದೆ ಶೂನಲ್ಲೇ ವೆಸ್ಟ್ ಹೈಲ್ಯಾಂಡ್ ವೇ ಮುಗಿಸಿದ್ದು

ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ಅನ್ನುವ ಉದ್ದದ ಕಾಲ್ನಡಿಗೆ ದಾರಿ ನನಗೆ ಮೂರನೇ ಸಲಕ್ಕೆ ಒಲಿಯಿತು. ಒಬ್ಬನೇ, ಒಂಬತ್ತು ಹಗಲು, ಎಂಟು ರಾತ್ರಿ. ನೀರು ಸಲೀಸಾಗಿ ಒಳಹೊರಗೆ ಹೋಗುವ, ಬಲೆಯಂಥ ಬಟ್ಟೆಯ ಮೆಶ್ ಶೂನಲ್ಲಿ ಹೋಗುತ್ತೇನೆ ಅಂದಾಗ ನಕ್ಕವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ದಾರಿ 154 ಕಿಲೋಮೀಟರ್, ಅದರ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಹಾಗಾಗಿ ದಿನದಿನದ ವರದಿ ಇಲ್ಲ, ಬರೀ ಕಾಲಿನ ಕಥೆ.

ಮೊದಲ ಸಲ ಹೋದದ್ದು ಜುಲೈನಲ್ಲಿ. ಬೆನ್ನ ಮೇಲೆ 17 ಕಿಲೋ, ಕಾಲಿಗೆ 160 ಪೌಂಡ್ ದುಡ್ಡು ಕೊಟ್ಟು ತಗೊಂಡ ವಾಟರ್‌ಪ್ರೂಫ್ ಬೂಟು. ನೀರು ಒಳಗೆ ಬರಲ್ಲ ಅಂತ ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಚರ್ಮದಿಂದ ಬರಲಿಲ್ಲ, ಮೇಲಿನ ಬಾಯಿಂದ ಬಂತು. ಬಂದದ್ದು ಆಚೆ ಹೋಗಲೂ ಇಲ್ಲ. ಇನ್‌ವರ್ಸ್ನೇಡ್ ಜಲಪಾತದ ಹತ್ತಿರ ಕೂತು ಎಡಗಾಲಿನ ಬೂಟು ಬಗ್ಗಿಸಿದೆ. ಒಂದು ಲೋಟದಷ್ಟು ಕಂದು ನೀರು ಸುರಿಯಿತು. ಕಾಲುಚೀಲ ಎಳೆದರೆ ಹಿಮ್ಮಡಿಯ ಚರ್ಮವೂ ಜೊತೆಗೇ ಬಂತು, ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿದ ಹಾಗೆ. ಅಷ್ಟರಲ್ಲಿ ಮಿಜ್ ಅನ್ನುವ ಆ ಹಾಳು ನುಸಿ ಮುತ್ತಿಕೊಂಡಿತು. ದೋಣಿಯಲ್ಲಿ ಲಾಖ್ ಲೋಮಂಡ್ ಸರೋವರ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದು ವಾಪಸ್.

ಎರಡನೇ ಸಲವೂ ಅದೇ ಬೂಟು. ಅಷ್ಟು ದುಡ್ಡು ಕೊಟ್ಟಿದ್ದೆನಲ್ಲ, ಬಿಡೋಕೆ ಮನಸ್ಸು ಬರಲಿಲ್ಲ. ಪ್ಲಾಸ್ಟರ್ ಜಾಸ್ತಿ ತಗೊಂಡೆ, ಟೆಂಟ್ ಬಿಟ್ಟು ಎಲ್ಲ ರಾತ್ರಿಗೂ ಹಾಸಿಗೆ ಬುಕ್ ಮಾಡಿದೆ. ಟೈಂಡ್ರಮ್‌ಗೆ ಬರುವಷ್ಟರಲ್ಲಿ ಎರಡೂ ಹಿಮ್ಮಡಿ ಹೋಗಿತ್ತು. ಮುಂದಿನ ರಾತ್ರಿಗಳಿಗೆ ಕಟ್ಟಿದ್ದ 200ಕ್ಕೂ ಮೇಲಿನ ಪೌಂಡ್ ನೀರಿಗೆ ಬಿತ್ತು. ಅಷ್ಟು ಪುಟ್ಟ ಊರಿಗೆ ಎರಡು ರೈಲು ನಿಲ್ದಾಣ ಬೇರೆ. ನಾನು ಹಿಡಿಯಬೇಕಿದ್ದ ರೈಲು ಬರುವುದು ಮೇಲಿನದಕ್ಕೆ, ನಾನು ಕುಂಟುತ್ತಾ ಹೋಗಿದ್ದು ಕೆಳಗಿನದಕ್ಕೆ. ಎರಡು ಸಲಕ್ಕೂ ಸಾಮಾನೂ ಸೇರಿ 1,100 ಪೌಂಡ್ ಹತ್ತಿರ ಕಳೆದಿರಬೇಕು. ಮನೆಯಲ್ಲಿ 900 ಅಂತ ಹೇಳಿದ್ದೇನೆ.

ಆಮೇಲೆ ತಲೆಗೆ ಹೊಳೆಯಿತು. ಅಲ್ಲಿ ಕಾಲು ನೆನೆಯುವುದನ್ನು ತಡೆಯೋಕೆ ಆಗಲ್ಲ. ನೆನೆದೇ ಇರುವುದನ್ನು ತಡೆಯಬಹುದು, ಅಲ್ವಾ?

ಒಂದು ಸೈಜ್ ದೊಡ್ಡ ಮೆಶ್ ಶೂ, ಸೇಲ್‌ನಲ್ಲಿ 55 ಪೌಂಡ್. ಹಳ್ಳಕ್ಕೆ ಹಾಗೇ ಇಳಿಯುವುದು, ಇಪ್ಪತ್ತು ಹೆಜ್ಜೆ ಹಾಕಿದರೆ ನೀರು ತಾನೇ ಹಿಂಡಿಕೊಂಡು ಹೋಗುತ್ತದೆ. ತೆಳು ಉಣ್ಣೆಯ ಕಾಲುಚೀಲ ಮೂರು ಜೊತೆ. ಅದರಲ್ಲಿ ಒಂದು ಮಲಗೋಕೆ ಮಾತ್ರ, ಟೆಂಟಿನ ಬಾಗಿಲು ದಾಟಿಲ್ಲ. ಗಂಟೆಗೊಮ್ಮೆ ಕೂತು ಶೂ ಬಿಚ್ಚಿ, ಕಾಲುಚೀಲ ಹಿಂಡಿ, ಹತ್ತು ನಿಮಿಷ ಕಾಲಿಗೆ ಗಾಳಿ. ಮಳೆ ಇದ್ದರೆ ಮೊಣಕಾಲಿನ ಮೇಲೆ ಜಾಕೆಟ್ ಹೊದ್ದು ಅದರಡಿ ಒರೆಸುತ್ತಿದ್ದೆ. ಹೀಗೆ ಕೂತರೆ ಊರು ಮುಟ್ಟೋದು ಯಾವಾಗ ಅಂತ ಕೇಳಿದವರಿದ್ದಾರೆ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ, ಅವಸರ ಯಾಕೆ? ಬೆಳಿಗ್ಗೆ ಸಂಜೆ ಬೆರಳ ಸಂದಿಗೆ ವ್ಯಾಸಲೀನ್. ಅದಕ್ಕೆ ಎರಡು ವಸ್ತು ಬೆರೆಸುತ್ತೇನೆ. ಏನು ಅಂತ ಈಗಲೇ ಹೇಳಲ್ಲ, ಒಂದು ಅಡುಗೆಮನೆಯದು.

ಬ್ಯಾಗನ್ನು ಎಂಟೂವರೆ ಕಿಲೋಗೆ ಇಳಿಸಿದೆ, ಊಟ ನೀರು ಬಿಟ್ಟು. ಸ್ಟವ್ ತಗೊಳ್ಳಲಿಲ್ಲ. ತೆಳು ಅವಲಕ್ಕಿಗೆ ತಣ್ಣೀರು ಸಾಕು, ನೆನೆಯೋಕೆ ಐದು ನಿಮಿಷ. ನಾಲ್ಕನೇ ದಿನಕ್ಕೆ ಅವಲಕ್ಕಿ ಕಂಡರೆ ಸಿಟ್ಟು ಬರುತ್ತಿತ್ತು, ಅದು ಬೇರೆ ಮಾತು.

ನುಸಿಗೆ ಬೇವಿನೆಣ್ಣೆ ಹಚ್ಚಿ ನೋಡಿದ್ದೆ, ಮೊದಲ ಸಲ. ಒಗ್ಗರಣೆ ಹಾಕಿಟ್ಟಿದ್ದಾನೆ ಅಂದುಕೊಂಡವೋ ಏನೋ, ಇನ್ನೂ ಜಾಸ್ತಿ ಬಂದವು. ಈ ಸಲ ಮೇ ಮೊದಲ ವಾರವೇ ಹೊರಟೆ, ಆಗ ಅವುಗಳ ಕಾಟ ಇನ್ನೂ ಶುರುವಾಗಿರುವುದಿಲ್ಲ. ತಲೆಗೆ ಬಲೆ ಇಟ್ಟುಕೊಂಡಿದ್ದೆ. ಟೆಂಟ್ ಹಾಕುವಾಗ ಸ್ವಲ್ಪ ಗಾಳಿ ಬೀಸುವ ಜಾಗ ಹುಡುಕುತ್ತಿದ್ದೆ. ಗಾಳಿ ಗಂಟೆಗೆ 11 ಕಿಲೋಮೀಟರ್ ದಾಟಿದರೆ ಅವಕ್ಕೆ ಹಾರೋಕೆ ಆಗಲ್ಲ. ಲೋಮಂಡ್‌ನ ಪೂರ್ವ ದಡದಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟ್ ಹಾಕೋಕೆ ಪರ್ಮಿಟ್ ಬೇಕು, ಒಂದು ರಾತ್ರಿಗೆ ಅದನ್ನು ತಗೊಂಡೆ. ಮೂರು ರಾತ್ರಿ ದುಡ್ಡು ಕೊಡುವ ಕ್ಯಾಂಪ್‌ಸೈಟ್. ಉಳಿದ ನಾಲ್ಕು ರಾತ್ರಿ ಬಯಲಿನಲ್ಲಿ, ಬಿಟ್ಟಿ. ಸ್ಕಾಟ್ಲೆಂಡಿನ 2003ರ ಕಾನೂನೇ ಹಾಗಿದೆ, ನೀಟಾಗಿ ಇದ್ದು ಎದ್ದು ಹೋದರೆ ಯಾರೂ ಕೇಳಲ್ಲ. ಶೂ ಬಿಟ್ಟು ಒಟ್ಟು ಖರ್ಚು 190 ಪೌಂಡ್ ಆಸುಪಾಸು.

ಎಲ್ಲ ಸಲೀಸಾಗಿತ್ತು ಅನ್ನಲಾರೆ. ಇನ್‌ವರ್ಸ್ನೇಡ್‌ನಿಂದ ಇನ್‌ವರಾರ್ನನ್‌ವರೆಗೆ ಬರೀ ಬೇರು, ಬಂಡೆ. ಹತ್ತು ಹನ್ನೊಂದು ಕಿಲೋಮೀಟರಿಗೆ ಐದು ಗಂಟೆ ಹಿಡಿಯಿತು. ಕಲ್ಲಿಗೆ ಎಡವಿ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಯಿತು. ಅಲ್ಲಿ ಮಾತ್ರ ಬೂಟೇ ಮೇಲು, ಒಪ್ಪುತ್ತೇನೆ. ರಾನಖ್ ಮೂರ್ ಬಯಲಿನಲ್ಲಿ ಛತ್ರಿ ಹಿಡಿದು ನಡೆದರೆ ಹೇಗೆ ಅಂತ ನೋಡಿದೆ. ಎರಡೇ ನಿಮಿಷಕ್ಕೆ ಕಡ್ಡಿಯೆಲ್ಲ ಮೇಲಾಯಿತು, ಎಂಟು ಪೌಂಡ್ ಹೋಯಿತು. ಡೆವಿಲ್ಸ್ ಸ್ಟೇರ್‌ಕೇಸ್ ಹೆಸರಿಗೆ ಹೆದರಬೇಡಿ, ಏರು ಸುಲಭ. ಸುಮಾರು 550 ಮೀಟರ್ ಎತ್ತರದಿಂದ ಕಿನ್‌ಲಾಖ್‌ಲೆವೆನ್‌ಗೆ ಇಳಿಯುವಾಗ ಮಂಡಿ ಅಳುತ್ತದೆ.

ಮುಂಚೆ ಈ ದಾರಿ ಫೋರ್ಟ್ ವಿಲಿಯಂ ಊರಾಚೆಯೇ ಮುಗಿಯುತ್ತಿತ್ತು. 2010ರಿಂದ ಊರೊಳಗೆ ನಡೆದು ಗಾರ್ಡನ್ ಸ್ಕ್ವೇರ್‌ಗೆ ಬರಬೇಕು. ಅಲ್ಲಿ ಕಾಲು ನೀವಿಕೊಳ್ಳುತ್ತಾ ಕೂತಿರುವ ನಡಿಗೆಗಾರನ ಕಂಚಿನ ಪ್ರತಿಮೆ ಇದೆ. ಅವನ ಪಕ್ಕ ಕೂತು ನಾನೂ ಶೂ ಬಿಚ್ಚಿದೆ. ಹಿಮ್ಮಡಿ ಎರಡೂ ಹಾಗೇ ಇದ್ದವು. ಎಡಗಾಲಿನ ಕಿರುಬೆರಳಲ್ಲಿ ಒಂದೇ ಒಂದು ಗುಳ್ಳೆ. ಅದೂ ಎದ್ದಿದ್ದು ಕೊನೆಯ ಆ ಟಾರು ರಸ್ತೆಯಲ್ಲಿ.