ಚಿಕ್ಕ ಮಕ್ಕಳ ಜೊತೆ ಸಫಾರಿ: ಯಾವ ಕನ್ಸರ್ವೆನ್ಸಿ?

ನೈರೋಬಿಗೆ ಬಂದು ಪೆಟ್ಟಿಗೆ ಬಿಚ್ಚುವಷ್ಟರಲ್ಲೇ ಎಲ್ಲರೂ ಕೇಳುವುದು ಒಂದೇ, "ಮಸಾಯಿ ಮಾರಾಗೆ ಯಾವಾಗ ಹೋಗೋಣ?" ಹೋಗಿ, ಬೇಡ ಅನ್ನಲ್ಲ. ಆದರೆ ಐದಾರು ವರ್ಷದ ಮಕ್ಕಳಿದ್ದರೆ ಮೊದಲು ಓಲ್ ಪೆಜೆಟಾ ಅನ್ನೋ ಕನ್ಸರ್ವೆನ್ಸಿ (ಖಾಸಗಿ ಅಥವಾ ಸಮುದಾಯದ ವನ್ಯಜೀವಿ ಧಾಮ) ನೋಡಿ.

ನಾವು ಮಾಡಿದ್ದು ಉಲ್ಟಾ. ಮಾರಾ ಪಕ್ಕದ ಒಂದು ಕನ್ಸರ್ವೆನ್ಸಿಯಲ್ಲಿ ಕ್ಯಾಂಪ್ ಬುಕ್ ಮಾಡಿದೆವು. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಬೇರೆ ಅತಿಥಿಗಳಿರುವ ಗಾಡಿಯಲ್ಲಿ ಐದು ವರ್ಷದ ಮಗುವನ್ನು ಕೂರಿಸಲ್ಲ ಅಂತ. ಹೆಂಡತಿ ಸಿಂಹ ನೋಡುತ್ತಿದ್ದಾಗ ನಾನು ಟೆಂಟಿನಲ್ಲಿ ಮಗನ ಜೊತೆ ಹಾವು ಏಣಿ ಆಡುತ್ತಿದ್ದೆ. ಸಂಜೆ ಸರದಿ ಬದಲು!

ಜಾಗದ್ದೇನೂ ತಪ್ಪಿಲ್ಲ. ಮಾರಾ ಪಕ್ಕದ ಮಾರಾ ನಾರ್ತ್, ನಬೋಯಿಶೋ, ಓಲಾರೆ ಮೊಟೊರೊಗಿ ಕನ್ಸರ್ವೆನ್ಸಿಗಳೆಲ್ಲ ಅಲ್ಲಿನ ಮಸಾಯಿ ಜನರ ಕುಟುಂಬಗಳ ಜಮೀನು. ಕ್ಯಾಂಪಿನವರು ಅದಕ್ಕೆ ಬಾಡಿಗೆ ಕೊಡುತ್ತಾರೆ, ಹಾಗಾಗಿ ದುಬಾರಿ. ಸಾಮಾನ್ಯವಾಗಿ ಅಲ್ಲೇ ಉಳಿಯುವವರಿಗೆ ಮಾತ್ರ ಪ್ರವೇಶ, ಗಾಡಿಗಳ ಗದ್ದಲವಿಲ್ಲ. ಮಸಾಯಿ ಮಾರಾ ರಾಷ್ಟ್ರೀಯ ರಿಸರ್ವ್‌ನಲ್ಲಿ ಸಿಗದ ರಾತ್ರಿ ಸಫಾರಿ, ನಡಿಗೆ ಸಫಾರಿ ಇಲ್ಲಿ ಸಿಗುತ್ತವೆ. ಆದರೆ ಪುಟ್ಟ ಮಕ್ಕಳನ್ನು ನಡಿಗೆಗೆ ಕರೆದೊಯ್ಯಲ್ಲ. ಮತ್ತೆ ದುಡ್ಡು ಯಾತಕ್ಕೆ ಸುರಿಯೋದು, ಅಲ್ವಾ?

ಓಲ್ ಪೆಜೆಟಾ ನಾನ್ಯೂಕಿ ಊರಿನ ಹತ್ತಿರ, ನೈರೋಬಿಯಿಂದ ಸುಮಾರು 200 ಕಿ.ಮೀ. ನಿಮ್ಮ ಕಾರಲ್ಲೇ ಒಳಗೆ ಓಡಾಡಬಹುದು. ಮಗು ಅತ್ತರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಗಾಡಿ ತಿರುಗಿಸಿದರಾಯಿತು. ಚಿಂಪಾಂಜಿ ಆಶ್ರಯಧಾಮವೂ ಇದೆ. ಉತ್ತರದ ಬಿಳಿ ಘೇಂಡಾಮೃಗಗಳಲ್ಲಿ ಕೊನೆಯ ಗಂಡು ಸುಡಾನ್ 2018ರಲ್ಲಿ ಇಲ್ಲೇ ಸತ್ತಿತು. ಇಡೀ ಲೋಕದಲ್ಲಿ ಉಳಿದದ್ದು ನಾಜಿನ್, ಅದರ ಮಗಳು ಫಾಟು, ಎರಡೇ. ಇವನ್ನು ನೋಡಲು ಬೇರೆ ಟಿಕೆಟ್ ಬೇಕು, ತಗೊಳ್ಳಿ. ಗಾಡಿ ಆಫ್ ಮಾಡಿದರೆ ಹುಲ್ಲು ಕಿತ್ತು ಅಗಿಯುವ ಚರಚರ ಸದ್ದು ಕೇಳುತ್ತದೆ. ಒಂದು ನಿಮಿಷ ಸುಮ್ಮನೆ ಕೂರದ ನನ್ನ ಮಗ ಅಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ.

ರೆಸಿಡೆಂಟ್ ದರ (ಇಲ್ಲೇ ವಾಸಿಸುವವರಿಗೆ ಇರುವ ದರ) ಬೇಕಿದ್ದರೆ ಇಲ್ಲಿನ ಐಡಿ ಕಾರ್ಡ್ ಮರೆಯಬೇಡಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿ ಬೇಡ, 2020ರಿಂದ ನಿಷೇಧ. ಬೆಳಗ್ಗೆ ಚಳಿ ಜಾಸ್ತಿ, ಸ್ವೆಟರ್ ಇರಲಿ.

ಇಷ್ಟಾದರೂ ಮಾರಾನೇ ಬೇಕು ಅಂದರೆ, ದುಡ್ಡು ಕಟ್ಟುವ ಮುಂಚೆ ಕ್ಯಾಂಪಿನವರನ್ನು ಎರಡು ಮಾತು ಕೇಳಿ: ಎಷ್ಟು ವಯಸ್ಸಿನ ಮಗುವನ್ನು ಗಾಡಿ ಹತ್ತಿಸುತ್ತೀರಿ? ನಮಗೇ ಅಂತ ಬೇರೆ ಗಾಡಿಗೆ ಎಷ್ಟು? ಉತ್ತರ ಇಮೇಲ್‌ನಲ್ಲೇ ತರಿಸಿಕೊಳ್ಳಿ. ನನಗೆ ಫೋನಲ್ಲಿ ಸಿಕ್ಕಿದ್ದು "ಹಕುನಾ ಮಟಾಟ" (ಸ್ವಾಹಿಲಿಯಲ್ಲಿ "ಏನೂ ತೊಂದರೆಯಿಲ್ಲ") ಅಷ್ಟೇ.