ಟೇಪ್ ತಿರುಗಿಸಿ ಹಿಡಿಯಿರಿ: ಹೊಲಿಗೆಗೆ ಸೆಂಟಿಮೀಟರ್ ರೂಢಿ ಮಾಡಿಕೊಳ್ಳುವ ಬಗೆ

ನಮ್ಮ ದಾವಣಗೆರೆಯ ಚೌಕಿಪೇಟೆಯಲ್ಲಿ 80 ಸೆಂಟಿಮೀಟರ್ ಬ್ಲೌಸ್ ಪೀಸ್ ಕೇಳಿ ತಂದವರೇ ನನ್ನ ಮಿಷನ್ ಮುಂದೆ ನಿಂತು, "ಅಕ್ಕಾ, ಉದ್ದ ಹದಿನಾಲ್ಕು ಇಂಚು ಇಡ್ರಿ" ಅಂತಾರೆ. ನಾನೂ 20 ವರ್ಷ ಇಂಚಿನಲ್ಲೇ ಹೊಲಿದೆ. ಒಂದು ಸಲ ಮದುಮಗಳ ಬ್ಲೌಸ್. ಎದೆ ಸುತ್ತಳತೆ ಮೂವತ್ತೈದೂವರೆ. ನಾಲ್ಕು ಭಾಗ ಮಾಡಿದರೆ ಎಂಟೂ ಮುಕ್ಕಾಲು, ಮೇಲೊಂದು ಅರೆಕಾಲು. ಅವಸರದಲ್ಲಿ ಎಂಟೂಕಾಲಿನ ಮೇಲೆ ಅರೆಕಾಲು ಸೇರಿಸಿ ಗುರುತು ಹಾಕಿದೆ. ಒಟ್ಟು 2 ಇಂಚು ಕಡಿಮೆ ಆಯ್ತು. ಧಾರೆಯ ಹಿಂದಿನ ದಿನ ಆ ಹುಡುಗಿ ಹುಕ್ ಹಾಕಲಾಗದೆ ಅತ್ತಳು. ಅದೇ ಅಳತೆ ಸೆಂಟಿಮೀಟರ್‌ನಲ್ಲಿ 90. ನಾಲ್ಕು ಭಾಗ ಮಾಡಿ, 22.5. ಇದರಲ್ಲಿ ತಪ್ಪೋದು ಕಷ್ಟ ಅಲ್ವಾ?

ಬದಲಾಗಬೇಕು ಅಂದರೆ ಮೊದಲು ಹೊಸ ಪುಸ್ತಕ ತನ್ನಿ. ಹಳೇ ಪುಸ್ತಕದ ಇಂಚುಗಳನ್ನು ಕೂತು 2.54ರಿಂದ ಗುಣಿಸಬೇಡಿ. ನಾನು ಒಂದು ವಾರ ಅದನ್ನೇ ಮಾಡಿದೆ, ಕೈಗೆ ರೂಢಿ ಬರಲೇ ಇಲ್ಲ. ಗಿರಾಕಿ ಬಂದಾಗ ಅವರಿಗೆ ಸರಿಯಾಗಿ ಕೂರುವ ಒಂದು ಬ್ಲೌಸ್ ಇಸ್ಕೊಂಡು, ಟೇಪ್ ತಿರುಗಿಸಿ ಹೊಸದಾಗಿ ಅಳೆಯಿರಿ. ಅರ್ಧ ಸೆಂಟಿಮೀಟರ್‌ವರೆಗೆ ಬರೆದರೆ ಸಾಕು.

ಟೇಪಿನ ಆ ಬದಿಯಲ್ಲಿ 10, 20, 30 ಹೀಗೆ ಪ್ರತಿ ಹತ್ತಕ್ಕೆ ಕೆಂಪು ಇಂಕಿನಲ್ಲಿ ಗೆರೆ ಎಳೆಯಿರಿ. ಚಿಕ್ಕ ಗೆರೆಗಳು ಜಾಸ್ತಿ ಇರೋದರಿಂದ ಮೊದಮೊದಲು ಕಣ್ಣು ತಡಕಾಡುತ್ತದೆ. ಕೆಂಪು ಗೆರೆ ಇದ್ದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ನಿಮ್ಮ ಗೇಣನ್ನೂ ಅಳೆದಿಟ್ಟುಕೊಳ್ಳಿ. ನನ್ನದು 19. ಕಿರುಬೆರಳ ಉಗುರಿನ ಅಗಲ ಹತ್ತಿರ ಹತ್ತಿರ 1. ಪಕ್ಕದ ಹೊಲಿಗೆಗೆ ಎಷ್ಟು ಬಟ್ಟೆ ಬಿಡಬೇಕು ಅಂತ ಕಲಿಯೋ ಹುಡುಗಿಯರಿಗೆ ಆ ಉಗುರು ಇಟ್ಟೇ ತೋರಿಸುತ್ತೇನೆ: ಒಂದು ಉಗುರು, ಮೇಲೆ ಅರ್ಧ.

ಗಿರಾಕಿ ಜೊತೆ ವಾದ ಬೇಡ. ಅವರು ಹದಿನಾಲ್ಕು ಅಂದರೆ "ಮೂವತ್ತೈದೂವರೆ ಬರುತ್ತೆ ಕಣಮ್ಮ" ಅಂತ ಬಾಯಿಬಿಟ್ಟು ಹೇಳಿ ಬರೆಯಿರಿ. ಮೂರನೇ ಬ್ಲೌಸ್‌ಗೆ ಅವರೇ ಹೇಳುತ್ತಾರೆ. ತೂಕ, ಅಳತೆಗೆ ಕಾಯ್ದೆ ಬಂದದ್ದು 1956ರಲ್ಲಿ. ಸೇರು, ಮಣ ಬಿಟ್ಟು ಕಿಲೋಗೆ ನಮ್ಮ ಹಿರಿಯರೇ ಹೊಂದಿಕೊಂಡರು. ಆರು ಗಜದ ಸೀರೆ ಐದೂವರೆ ಮೀಟರ್ ಆಯ್ತು, ಉಡೋದಕ್ಕೆ ಏನೂ ತೊಂದರೆ ಆಗಲಿಲ್ಲ.

ಅಡುಗೆಮನೆಗೂ ಇದೇ ದಾರಿ. ನಿಮ್ಮ ಮನೆಯ ಪಾವಿಗೆ ಅಕ್ಕಿ ತುಂಬಿ ಒಂದು ಸಲ ತೂಗಿಸಿ. ಬಂದ ಗ್ರಾಂ ಎಷ್ಟು ಅಂತ ಅದರ ತಳದಲ್ಲೇ ಬರೆದಿಡಿ.